ಕ್ರಿಸ್ತಪುರಾಣದ ಕವಿ ಫಾದರ್ ತೋಮಸ್ ಸ್ಟೀಫನ್ಸ್

ಪ್ರತಿ ಭಾನುವಾರದ ಬಲಿಪೂಜೆಯಲ್ಲಿ ನಾವು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ದೇವಪುತ್ರರು ನಮ್ಮ ರಕ್ಷಣೆಗಾಗಿ ಇಳಿದು ಬಂದು ಮನುಷ್ಯರಾದರು ಎಂಬ ಭಾಗ ಬಂದಾಗ ತಲೆಬಾಗುತ್ತೇವೆ. ಈ ಪ್ರಮಾಣಕ್ಕೆ ಅಡಿಪಾಯ ಹಾಕಿದ ನಿಸೇಯ ಮಹಾಸಭೆ ನಡೆದದ್ದು ಕ್ರಿ.ಶ. 325ರಲ್ಲಿ. 2025ರಲ್ಲಿ ಅದಕ್ಕೆ 1700 ವರ್ಷ ತುಂಬಿತು. ಬಾಯಿಪಾಠವಾಗಿ ಹೇಳಲು ಈ ಸತ್ಯ ಸುಲಭ. ಆದರೆ ಅದನ್ನೇ ಒಂದು ಮಗುವಿಗೆ ಅಥವಾ ನೆರೆಮನೆಯ ಹಿಂದೂ ಬಾಂಧವರಿಗೆ ಬಿಡಿಸಿ ಹೇಳಲು ಹೊರಟರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಯೇಸುಸ್ವಾಮಿ ದೇವರೂ ಹೌದು, ಮನುಷ್ಯರೂ ಹೌದು ಎಂದರೆ ಏನು? ಅರ್ಧ ದೇವರು, ಅರ್ಧ ಮನುಷ್ಯ ಎಂದೇ? ಅಥವಾ ಮನುಷ್ಯನ ವೇಷ ತೊಟ್ಟ ದೇವರು ಎಂದೇ?

ನಾಲ್ಕು ಶತಮಾನಗಳ ಹಿಂದೆ ನಮ್ಮ ಪಶ್ಚಿಮ ಕರಾವಳಿಯಲ್ಲೇ ಈ ಪ್ರಶ್ನೆಯನ್ನು ಎದುರಿಸಿ, ಅದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಪದ್ಯಗಳಲ್ಲಿ ಉತ್ತರ ಬರೆದವರು ಒಬ್ಬ ಆಂಗ್ಲ ಧರ್ಮಗುರು. ಅವರೇ ಕ್ರಿಸ್ತಪುರಾಣದ ಕವಿ ಫಾದರ್ ತೋಮಸ್ ಸ್ಟೀಫನ್ಸ್. ಅವರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಅವರ ಜೀವನವನ್ನು ತಿಳಿದವರು ಕಡಿಮೆ. ಧರ್ಮೋಪದೇಶ ಕಲಿಸುವ ಶಿಕ್ಷಕರಿಗೂ ತಂದೆತಾಯಂದಿರಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಸಂಕ್ಷಿಪ್ತವಾಗಿ ಕೊಡುತ್ತಿದ್ದೇವೆ.

ಇಂಗ್ಲೆಂಡಿನಿಂದ ಗೋವಾಕ್ಕೆ

ತೋಮಸ್ ಸ್ಟೀಫನ್ಸ್ ಹುಟ್ಟಿದ್ದು 1549ರ ಸುಮಾರಿಗೆ, ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದ ಬುಶ್ಟನ್ ಎಂಬ ಊರಿನಲ್ಲಿ. ತಂದೆ ವ್ಯಾಪಾರಿ. ಬಾಲಕ ತೋಮಸ್ ವಿಂಚೆಸ್ಟರಿನ ಪ್ರಸಿದ್ಧ ಶಾಲೆಯಲ್ಲಿ ಕಲಿತರು. ಅವರು ಬೆಳೆದ ಕಾಲ ಇಂಗ್ಲೆಂಡಿನ ಕಥೋಲಿಕರಿಗೆ ಕಷ್ಟದ ಕಾಲ. ರಾಣಿ ಒಂದನೆಯ ಎಲಿಜಬೆತ್ ಆಳ್ವಿಕೆಯಲ್ಲಿ ಕಥೋಲಿಕ ಬಲಿಪೂಜೆ ಕಾನೂನಿಗೆ ವಿರುದ್ಧವಾಗಿತ್ತು. ವಿಶ್ವಾಸವನ್ನು ಬಿಡದವರಿಗೆ ದಂಡ ಮತ್ತು ಸೆರೆಮನೆ ಕಾದಿದ್ದವು, ಮುಂದೆ ಮರಣದಂಡನೆಯೂ ಬಂತು. ಸ್ಟೀಫನ್ಸ್ ಅವರಿಗೆ ತೋಮಸ್ ಪೌಂಡ್ ಎಂಬ ಶ್ರೀಮಂತ ಸ್ನೇಹಿತರಿದ್ದರು. ಇಬ್ಬರೂ ಯೇಸುಸಭೆಗೆ ಸೇರಲು ನಿಶ್ಚಯಿಸಿದರು. ಪೌಂಡರ ಸೇವಕನಂತೆ ವೇಷ ಹಾಕಿ ಸ್ಟೀಫನ್ಸ್ ಅವರ ಜೊತೆ ಊರೂರು ತಿರುಗಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ದೇಶ ಬಿಟ್ಟು ಹೊರಡುವ ಮೊದಲೇ ಪೌಂಡ್ ಸೆರೆಸಿಕ್ಕಿ, ಮುಂದೆ ಸುಮಾರು 30 ವರ್ಷ ಸೆರೆಮನೆಗಳಲ್ಲೇ ಕಳೆದರು. ಸ್ಟೀಫನ್ಸ್ ಒಬ್ಬರೇ ರೋಮ್ ತಲುಪಿ 1575ರಲ್ಲಿ ಯೇಸುಸಭೆಯನ್ನು ಸೇರಿದರು.

ಭಾರತಕ್ಕೆ ಕಳುಹಿಸಬೇಕೆಂದು ಅವರೇ ಬೇಡಿಕೊಂಡರು. 1579ರ ಏಪ್ರಿಲ್ 4ರಂದು ಲಿಸ್ಬನ್ ಬಂದರಿನಿಂದ ಹೊರಟ ಹಡಗು ಅಕ್ಟೋಬರ್ 24ರಂದು ಗೋವಾ ಮುಟ್ಟಿತು. ಆರು ತಿಂಗಳಿಗೂ ಮಿಕ್ಕಿದ ಆ ಪ್ರಯಾಣದ ವಿವರಗಳನ್ನು ಅವರು ನವೆಂಬರಿನಲ್ಲಿ ತಂದೆಗೆ ಪತ್ರ ಬರೆದು ತಿಳಿಸಿದರು. ಆ ಪತ್ರ 1589ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಭಾರತಕ್ಕೆ ಬಂದು ನೆಲೆಸಿದ ಮೊದಲ ಆಂಗ್ಲರೆಂದು ಸ್ಟೀಫನ್ಸ್ ಅವರನ್ನು ಗುರುತಿಸುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಅದಕ್ಕೂ 21 ವರ್ಷ ಮೊದಲೇ, ವ್ಯಾಪಾರಕ್ಕಲ್ಲ, ಸೇವೆಗಾಗಿ ಬಂದ ಇವರು ಮತ್ತೆ ತಾಯ್ನಾಡನ್ನು ನೋಡಲಿಲ್ಲ. ಗುರುದೀಕ್ಷೆ ಪಡೆದದ್ದೂ ಗೋವಾದಲ್ಲೇ. ಜನ ಅವರನ್ನು ಪಾದ್ರಿ ಎಸ್ತೆವಾಂವ್ ಎಂದು ಕರೆದರು.

1583ರಲ್ಲಿ ರಾಲ್ಫ್ ಫಿಚ್ ಮತ್ತು ಸಂಗಡಿಗರಾದ ಆಂಗ್ಲ ವ್ಯಾಪಾರಿಗಳನ್ನು ಪೋರ್ಚುಗೀಸರು ಹಿಡಿದು ಗೋವಾದ ಸೆರೆಮನೆಗೆ ತಂದಾಗ, ಅವರ ಬಿಡುಗಡೆಗೆ ಓಡಾಡಿದವರಲ್ಲಿ ಫಾ. ಸ್ಟೀಫನ್ಸ್ ಒಬ್ಬರು. ಆ ವ್ಯಾಪಾರಿಗಳು ಅವರ ಮತದವರಲ್ಲ, ಅವರನ್ನು ದೇಶ ಬಿಡಿಸಿದ ಪಕ್ಷದವರು. ಆದರೂ ನೆರವಾದರು. ಗೋವಾದಿಂದ ತಪ್ಪಿಸಿಕೊಂಡ ಫಿಚ್ ಬೆಳಗಾವಿ, ವಿಜಾಪುರಗಳನ್ನು ಹಾದು ಗೋಲ್ಕೊಂಡಕ್ಕೆ ಹೋದರು.

ಸಾಷ್ಟಿಯ ಕಹಿ ವರ್ಷಗಳು

ಫಾ. ಸ್ಟೀಫನ್ಸ್ ಅವರ ಸುಮಾರು 40 ವರ್ಷಗಳ ಸೇವೆ ನಡೆದದ್ದು ಹೆಚ್ಚಾಗಿ ದಕ್ಷಿಣ ಗೋವಾದ ಸಾಷ್ಟಿಯಲ್ಲಿ. 1543ರವರೆಗೆ ಈ ಸೀಮೆ ವಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದು ಬಳಿಕ ಪೋರ್ಚುಗೀಸರಿಗೆ ಸೇರಿತ್ತು. ಹೊಸ ಅಧಿಕಾರದ ಜೊತೆ ಧರ್ಮಪ್ರಚಾರವೂ ಬಂತು. ಆ ಪ್ರಚಾರದ ಬೆನ್ನಿಗೆ ಸರಕಾರದ ಬಲವಿತ್ತು. ದೇವಾಲಯಗಳನ್ನು ಕೆಡವಲಾಯಿತು, ಹಳೆಯ ಧರ್ಮಗ್ರಂಥಗಳನ್ನು ನಿಷೇಧಿಸಲಾಯಿತು. ಇದನ್ನು ಮುಚ್ಚಿಟ್ಟು ಆ ಕಾಲದ ಕಥೆ ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ.

1583ರ ಜುಲೈ ತಿಂಗಳಿನಲ್ಲಿ ಕುಂಕೊಳ್ಳಿ ಗ್ರಾಮದಲ್ಲಿ ಈ ಕಹಿ ಒಡೆದು ಹೊರಬಂತು. ಚರ್ಚಿಗೆ ಜಾಗ ನೋಡಲು ಹೋಗಿದ್ದ ಫಾ. ರುದೋಲ್ಫ್ ಅಕ್ವವೀವ ಮತ್ತು ಇತರ ನಾಲ್ವರು ಯೇಸುಸಭೆಯವರು, ಜೊತೆಗಿದ್ದ ಕ್ರೈಸ್ತರು ಹತರಾದರು. ಆ ಐವರನ್ನು 1893ರಲ್ಲಿ ಧರ್ಮಸಭೆ ಪುನೀತರೆಂದು ಘೋಷಿಸಿತು. ಪೋರ್ಚುಗೀಸ್ ಅಧಿಕಾರಿಗಳು ಸೇಡಿಗಾಗಿ ಕುಂಕೊಳ್ಳಿಯ ಮುಖಂಡರನ್ನು ಮಾತುಕತೆಗೆಂದು ಅಸೊಳ್ನಾ ಕೋಟೆಗೆ ಕರೆಸಿ ವಿಚಾರಣೆಯಿಲ್ಲದೆ ಕೊಂದರು. ಹತರಾದ ಸಹೋದರರ ಶವಗಳನ್ನು ಪಡೆದು ಕ್ರೈಸ್ತ ವಿಧಿಯಂತೆ ಮಣ್ಣು ಮಾಡಿಸುವ ಹೊಣೆ ಫಾ. ಸ್ಟೀಫನ್ಸ್ ಅವರ ಪಾಲಿಗೆ ಬಂತು.

ಇಂಥ ಸೀಮೆಯಲ್ಲಿ ಅವರು ಹಿಡಿದ ದಾರಿ ಭಾಷೆಯದು. ಕೊಂಕಣಿಯನ್ನೂ ಮರಾಠಿಯನ್ನೂ ಊರವರಿಂದ ಕಲಿತರು. 1583ರ ಅಕ್ಟೋಬರಿನಲ್ಲಿ ತಮ್ಮ ಸಹೋದರ ರಿಚರ್ಡ್ ಅವರಿಗೆ ಬರೆದ ಪತ್ರದಲ್ಲಿ ಈ ನಾಡಿನ ಭಾಷೆಗಳ ರಚನೆ ಗ್ರೀಕ್ ಮತ್ತು ಲತೀನ್ ಭಾಷೆಗಳನ್ನು ಹೋಲುತ್ತದೆಂದು ಮೆಚ್ಚಿ ಬರೆದರು. ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತದ ಬಗ್ಗೆ ಇಂಥದೇ ವಿಚಾರ ಹೇಳಿ ಪ್ರಸಿದ್ಧರಾದದ್ದು 1786ರಲ್ಲಿ, ಅಂದರೆ ಎರಡು ಶತಮಾನಗಳ ನಂತರ. ಫಾ. ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ ಅವರ ಮರಣದ ನಂತರ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಭಾರತೀಯ ಭಾಷೆಯೊಂದರ ಅಚ್ಚಾದ ವ್ಯಾಕರಣಗಳಲ್ಲಿ ಅದನ್ನು ಮೊದಲನೆಯದಾಗಿ ಎಣಿಸುತ್ತಾರೆ. ಅದರ ಹೆಸರಿನಲ್ಲಿ ಕನಾರಿಂ ಎಂಬ ಪದವಿರುವುದರಿಂದ ಕೆಲವರು ಅದನ್ನು ಕನ್ನಡ ವ್ಯಾಕರಣವೆಂದು ತಿಳಿಯುವುದುಂಟು. ಪೋರ್ಚುಗೀಸರು ಕೊಂಕಣಿಯನ್ನು ಆ ಹೆಸರಿನಿಂದ ಕರೆಯುತ್ತಿದ್ದರು, ಅಷ್ಟೆ. ಗುರುಶಿಷ್ಯರ ಪ್ರಶ್ನೋತ್ತರದ ರೂಪದಲ್ಲಿ ಅವರು ಸಿದ್ಧಪಡಿಸಿದ ಕೊಂಕಣಿ ಧರ್ಮೋಪದೇಶದ ಪುಸ್ತಕ 1622ರಲ್ಲಿ ಪ್ರಕಟವಾಯಿತು.

ಜನ ಕೇಳಿದ್ದು ಪುರಾಣ

ಧರ್ಮೋಪದೇಶದ ಪ್ರಶ್ನೋತ್ತರವೊಂದೇ ಜನರಿಗೆ ಸಾಕಾಗಲಿಲ್ಲ. ಕ್ರಿಸ್ತಪುರಾಣದ ಆರಂಭದಲ್ಲೇ ಫಾ. ಸ್ಟೀಫನ್ಸ್ ಇದಕ್ಕೆ ಕಾರಣ ಹೇಳಿದ್ದಾರೆ. ಸಾಷ್ಟಿಯ ಚರ್ಚೊಂದರಲ್ಲಿ ಭಾನುವಾರ ಮಧ್ಯಾಹ್ನದ ಧರ್ಮೋಪದೇಶ ನಡೆಯುತ್ತಿದ್ದಾಗ ಹೊಸದಾಗಿ ಕ್ರೈಸ್ತರಾದ ಬ್ರಾಹ್ಮಣರೊಬ್ಬರು ಎದ್ದು, ನಮ್ಮ ಹಳೆಯ ಪುರಾಣಗಳನ್ನು ಬಿಡಿಸಿದಿರಿ, ಅವುಗಳ ಬದಲಿಗೆ ಓದಿ ಕೇಳಲು ಹೊಸದೊಂದು ಪುರಾಣ ಬೇಡವೇ ಎಂಬ ಅರ್ಥದಲ್ಲಿ ಕೇಳುತ್ತಾರೆ. ಪುರಾಣದ ಕಥೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಆ ಬ್ರಾಹ್ಮಣರ ಕೊರಗು ಏನೆಂಬುದು ಕನ್ನಡ ನಾಡಿನವರಾದ ನಮಗೆ ಬೇಗ ತಿಳಿಯುತ್ತದೆ. ಕರಾವಳಿಯಲ್ಲಿ ಇರುಳಿಡೀ ಯಕ್ಷಗಾನ ನೋಡಿ ಕಥೆ ಕಲಿತವರು ನಾವು. ಘಟ್ಟದ ಮೇಲೆ, ಒಂದು ಕಾಲಕ್ಕೆ ಸಾಷ್ಟಿಯಂತೆಯೇ ಆದಿಲಶಾಹಿಗಳ ಆಳ್ವಿಕೆ ಕಂಡ ಯಾದಗಿರಿ ಸೀಮೆಯಲ್ಲಿ, ರಾಮಸಮುದ್ರ, ಶಹಾಪುರ, ಸುರಪುರಗಳ ಕಡೆ, ಶ್ರಾವಣ ಬಂತೆಂದರೆ ಮಠ ಮತ್ತು ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಹೊಲದ ಕೆಲಸ ಮುಗಿಸಿ ಬಂದವರು ರಾತ್ರಿ ಕೂತು ಕೇಳುತ್ತಾರೆ. ಭೀಮಕವಿ 1369ರಲ್ಲಿ ಬರೆದ ಬಸವಪುರಾಣವನ್ನು ಅಕ್ಷರ ಬಾರದವರೂ ಕಿವಿಯಿಂದಲೇ ಬಲ್ಲರು. ಇಂಥ ಜನರಿಗೆ ಧರ್ಮವೆಂದರೆ ಮೊದಲು ಕಥೆ, ಆಮೇಲೆ ವ್ಯಾಖ್ಯಾನ. 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಭಾಗದಲ್ಲಿ ಕ್ರಿಸ್ತರ ಬಗ್ಗೆ ಮಾತಾಡಬೇಕಾದವರು ಎದುರಿಸುವುದೂ ಸಾಷ್ಟಿಯ ಪ್ರಶ್ನೆಯನ್ನೇ: ನಿಮ್ಮ ದೇವರ ಕಥೆ ಏನು, ಹೇಳಿ.

ಫಾ. ಸ್ಟೀಫನ್ಸ್ ಆ ಕಥೆಯನ್ನು ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಎಂಬ ಛಂದಸ್ಸಿನಲ್ಲಿ ಬರೆದರು. ಜ್ಞಾನೇಶ್ವರರಿಂದ ಹಿಡಿದು, ತಮ್ಮ ಸಮಕಾಲೀನರೇ ಆದ ಸಂತ ಏಕನಾಥರವರೆಗೆ ಭಕ್ತಕವಿಗಳು ಬಳಸಿದ್ದ ಛಂದಸ್ಸು ಅದು. ಗ್ರಂಥದಲ್ಲಿ ಒಟ್ಟು 10,962 ಓವಿಗಳಿವೆ. ಮೊದಲ ಪುರಾಣದ 4,181 ಓವಿಗಳಲ್ಲಿ ಸೃಷ್ಟಿ, ಆದಿ ಮಾನವರ ಪತನ, ಪ್ರವಾದಿಗಳು ಮತ್ತು ರಕ್ಷಕನ ನಿರೀಕ್ಷೆ ಬರುತ್ತವೆ. ಎರಡನೆಯ ಪುರಾಣದ 6,781 ಓವಿಗಳು ಯೇಸುಸ್ವಾಮಿಯ ಜೀವನಕ್ಕೆ ಮೀಸಲು. 1616ರಲ್ಲಿ ರಾಚೋಲಿನಲ್ಲಿ ಅದು ಅಚ್ಚಾಯಿತು. ನಾಡಿನ ಲಿಪಿಯಲ್ಲೇ ಅಚ್ಚು ಹಾಕಿಸಬೇಕೆಂಬ ಆಸೆಯಿಂದ ಅವರು 1608ರಲ್ಲಿ ರೋಮಿನ ಹಿರಿಯರಿಗೆ ಪತ್ರ ಬರೆದಿದ್ದರು. ಆ ಆಸೆ ಕೈಗೂಡಲಿಲ್ಲ. ಪುಸ್ತಕ ರೋಮನ್ ಅಕ್ಷರಗಳಲ್ಲಿ ಹೊರಬಂತು.

ದೇವರೂ ಮನುಷ್ಯರೂ ಆದ ರಕ್ಷಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪುರಾಣವೆಂಬ ಮಾತಿಗೆ ಕಿವಿಗೊಟ್ಟವರಿಗೆ ದೇವರು ಭೂಮಿಗೆ ಇಳಿದು ಬರುವುದು ಹೊಸ ಸಂಗತಿಯಲ್ಲ. ಅವತಾರದ ಕಥೆಗಳನ್ನು ಅವರು ಎಳವೆಯಿಂದಲೇ ಬಲ್ಲರು. ಇದು ಕ್ರೈಸ್ತ ಬೋಧಕನಿಗೆ ಅನುಕೂಲವೂ ಹೌದು, ತೊಡಕೂ ಹೌದು. ಅವತಾರದ ಕಥೆಗಳಲ್ಲಿ ದೇವರು ಯುಗಯುಗಕ್ಕೆ ಬೇರೆ ಬೇರೆ ರೂಪ ತಾಳಿ ಬರುತ್ತಾನೆ, ಬಂದ ಕೆಲಸ ಮುಗಿದಾಗ ಆ ರೂಪವನ್ನು ಮುಗಿಸಿ ಸ್ವಸ್ಥಾನಕ್ಕೆ ಹಿಂತಿರುಗುತ್ತಾನೆ. ಕ್ರೈಸ್ತ ವಿಶ್ವಾಸ ಹೇಳುವುದು ಬೇರೆ. ದೇವಪುತ್ರರು ಒಂದೇ ಸಲ ಬಂದರು. ಮರಿಯಮ್ಮನವರ ಗರ್ಭದಲ್ಲಿ ಪಡೆದ ಮಾನವ ದೇಹವನ್ನು ಅವರು ಮತ್ತೆ ಕಳಚಿ ಇಡಲಿಲ್ಲ. ಪುನರುತ್ಥಾನದ ನಂತರವೂ ಕೈಕಾಲುಗಳ ಗಾಯಗಳು ಉಳಿದವು. ಅಪೊಸ್ತಲ ತೋಮರಿಗೆ ಅವರು ತೋರಿಸಿದ್ದು ಆ ಗಾಯಗಳನ್ನೇ.

ಕ್ರಿ.ಶ. 451ರಲ್ಲಿ ಸೇರಿದ ಕಾಲ್ಸೆದೋನ್ ಮಹಾಸಭೆ ಇದನ್ನು ಸ್ಪಷ್ಟಪಡಿಸಿತು. ಯೇಸುಕ್ರಿಸ್ತರು ಪೂರ್ಣವಾಗಿ ದೇವರು, ಪೂರ್ಣವಾಗಿ ಮಾನವರು. ವ್ಯಕ್ತಿ ಒಬ್ಬರೇ, ಸ್ವಭಾವ ಎರಡು. ಎರಡೂ ಒಂದರೊಳಗೊಂದು ಕರಗಿ ಹೋಗುವುದಿಲ್ಲ, ಬೇರೆಬೇರೆಯಾಗಿ ನಿಲ್ಲುವುದೂ ಇಲ್ಲ. ನೀರಿಗೆ ಹಾಲು ಬೆರೆಸಿದಂತೆ ಅಲ್ಲ, ಎಣ್ಣೆ ನೀರು ಒಂದೇ ಪಾತ್ರೆಯಲ್ಲಿ ಇದ್ದಂತೆಯೂ ಅಲ್ಲ. ವಿದ್ವಾಂಸರಿಗೆ ಈ ಮಾತು ಸಾಕು. ಆದರೆ ಸಾಷ್ಟಿಯ ರೈತನಿಗೆ ಇದನ್ನು ತಲುಪಿಸುವುದು ಹೇಗೆ?

ಫಾ. ಸ್ಟೀಫನ್ಸ್ ವ್ಯಾಖ್ಯಾನವನ್ನು ಕಥೆಯಾಗಿ ಹರಡಿದರು. ಯೇಸುಸ್ವಾಮಿಯ ಜೀವನದ ಒಂದೊಂದು ಘಟನೆಯ ಜೊತೆಗೂ ಕೇಳುಗರನ್ನು ನಡೆಸಿಕೊಂಡು ಹೋದರು. ಶುಭಸಂದೇಶದ ಕಥೆಯೇ ಹಾಗಿದೆ. ದೋಣಿಯಲ್ಲಿ ದಣಿದು ತಲೆದಿಂಬಿನ ಮೇಲೆ ನಿದ್ರಿಸಿದವರು ಯಾರೋ, ಎದ್ದು ಬಿರುಗಾಳಿಯನ್ನು ಗದರಿಸಿ ಕಡಲನ್ನು ಸುಮ್ಮನಾಗಿಸಿದವರೂ ಅವರೇ. ಕಾನಾ ಊರಿನ ಮದುವೆಮನೆಯಲ್ಲಿ ತಾಯಿಯ ಜೊತೆ ಅತಿಥಿಯಾಗಿ ಕೂತವರೇ ನೀರನ್ನು ದ್ರಾಕ್ಷಾರಸ ಮಾಡಿದರು. ಸ್ನೇಹಿತ ಲಾಸರನ ಸಮಾಧಿಯ ಬಳಿ ಕಣ್ಣೀರಿಟ್ಟವರೇ ಸತ್ತವನನ್ನು ಹೆಸರು ಹಿಡಿದು ಹೊರಗೆ ಕರೆದರು. ಅಳುವಾಗ ಮನುಷ್ಯ, ಎಬ್ಬಿಸುವಾಗ ದೇವರು ಎಂದು ನಾವು ಅವರನ್ನು ಎರಡು ಪಾಲು ಮಾಡಲಾಗದು. ಅತ್ತವರೂ ಎಬ್ಬಿಸಿದವರೂ ಒಬ್ಬರೇ. ಈ ಕಥೆಗಳನ್ನು ಕೇಳಿದವನಿಗೆ ವೇಷದ ಮಾತು ತಾನಾಗಿ ಬಿದ್ದು ಹೋಗುತ್ತದೆ. ವೇಷಧಾರಿಗೆ ಹಸಿವಾಗುವುದಿಲ್ಲ. ಗೆತ್ಸೆಮನೆ ತೋಪಿನಲ್ಲಿ ಬೆವರು ರಕ್ತದ ಹನಿಯಂತೆ ಬೀಳುವುದಿಲ್ಲ. ಶಿಲುಬೆಯ ಮೇಲೆ ಬಾಯಾರಿಕೆಯಾಗುವುದಿಲ್ಲ.

ಜನರ ಭಾಷೆಯ ಪದಗಳನ್ನು ತೆಗೆದುಕೊಳ್ಳಲು ಅವರು ಅಂಜಲಿಲ್ಲ. ಸ್ವರ್ಗಕ್ಕೆ ವೈಕುಂಠ ಎಂದೇ ಹೇಳಿದರು. ಪದ ಹಳೆಯದು, ಅರ್ಥ ಕ್ರಿಸ್ತರ ಕಥೆಯಿಂದ ಹೊಸದಾಗಿ ತುಂಬಿದ್ದು. ದೇವರು ಮನುಷ್ಯರ ಮಾಂಸ ರಕ್ತವನ್ನೇ ತಮ್ಮದಾಗಿಸಿಕೊಂಡರೆಂದು ನಂಬುವವರು ಮನುಷ್ಯರ ಮಾತನ್ನು ಹೀನವೆಂದು ಕಾಣಲು ಸಾಧ್ಯವೇ? ನಮಗೆ ಅವರ ಜೀವನದಲ್ಲಿ ಮುಖ್ಯವಾಗಿ ಕಾಣುವುದು ಈ ಸಂಗತಿ. ಅಧಿಕಾರಿಗಳು ಜನರ ಕಥೆಯನ್ನು ಕಿತ್ತುಕೊಂಡ ಸೀಮೆಯಲ್ಲಿ ಈ ಗುರು ಜನರ ಛಂದಸ್ಸಿನಲ್ಲೇ ಕಥೆಯನ್ನು ಕೊಟ್ಟರು. ಕೆಟ್ಟುಹೋದದ್ದನ್ನೆಲ್ಲ ಅದು ಸರಿಪಡಿಸಿತೆಂದು ನಾವು ಹೇಳುವುದಿಲ್ಲ. ಆದರೆ ಬಲದಿಂದ ಆಗದ ಕೆಲಸವೊಂದನ್ನು ಆ ಪುಸ್ತಕ ಮಾಡಿತು.

ಭಾಷೆಗೆ ನಿಷೇಧ, ಪುಸ್ತಕಕ್ಕೆ ಆಯುಷ್ಯ

ಫಾ. ಸ್ಟೀಫನ್ಸ್ 1619ರಲ್ಲಿ ಗೋವಾದಲ್ಲೇ ದೈವಾಧೀನರಾದರು. ಆಗ ಅವರಿಗೆ ಸುಮಾರು 70 ವರ್ಷ. ಕ್ರಿಸ್ತಪುರಾಣ 1649 ಮತ್ತು 1654ರಲ್ಲಿ ಮತ್ತೆ ಅಚ್ಚಾಯಿತು. ಚರ್ಚುಗಳಲ್ಲಿ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಅದನ್ನು ಓದುವ ರೂಢಿಯಿತ್ತು. ಆದರೆ 1684ರ ಜೂನ್ 27ರಂದು ಗೋವಾದ ವೈಸರಾಯ್ ಹೊರಡಿಸಿದ ಆಜ್ಞೆ, ಮೂರು ವರ್ಷಗಳೊಳಗೆ ಜನ ತಮ್ಮ ಭಾಷೆಯನ್ನು ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ವಿಧಿಸಿತು. ನಾಡ ಭಾಷೆಯ ಪುಸ್ತಕಗಳಿಗೆ ಕತ್ತಲೆ ಕವಿಯಿತು. ಆ ಮೂರು ಮುದ್ರಣಗಳ ಒಂದೇ ಒಂದು ಪ್ರತಿಯೂ ಈವರೆಗೆ ಸಿಕ್ಕಿಲ್ಲ.

ಪುಸ್ತಕ ಉಳಿದದ್ದು ಬಡವರ ಕೈಬರಹದಲ್ಲಿ ಮತ್ತು ಬಾಯಲ್ಲಿ. ಗೋವಾದಿಂದ ಕೆನರಾಕ್ಕೆ ವಲಸೆ ಬಂದ ನಮ್ಮ ಪೂರ್ವಜರು ಪುರಾಣದ ಪ್ರತಿಗಳನ್ನು ತಮ್ಮೊಂದಿಗೆ ತಂದರು, ಮನೆಗಳಲ್ಲಿ ರಾಗವಾಗಿ ಹಾಡಿದರು, ಮಕ್ಕಳಿಗೆ ಕಲಿಸಿದರು. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1799ರವರೆಗೆ ಮುಂದುವರಿದ ಆ ಸೆರೆವಾಸದಲ್ಲಿ ಗುರುಗಳಾಗಲಿ ಚರ್ಚಾಗಲಿ ಇಲ್ಲದೆ ಉಳಿದವರಿಗೆ ಪುರಾಣದ ಪದ್ಯಗಳೇ ಧೈರ್ಯ ತುಂಬಿದವೆಂದು ಹಿರಿಯರಿಂದ ಕೇಳಿ ಬಂದಿದೆ. ತಾವು ಪಟ್ಟ ಹಸಿವು, ಹೊಡೆತ, ಪರದೇಶದ ಸಾವುಗಳನ್ನು ಸ್ವತಃ ದೇವಪುತ್ರರೇ ಅನುಭವಿಸಿದ್ದಾರೆ ಎಂಬ ನಂಬಿಕೆ ಅವರಿಗೆ ಶಾಸ್ತ್ರದ ಪಾಠವಾಗಿರಲಿಲ್ಲ. ಅದು ಅವರ ಊರುಗೋಲಾಗಿತ್ತು.

ಮುಂದೆ ಈ ಗ್ರಂಥವನ್ನು ಮತ್ತೆ ಲೋಕಕ್ಕೆ ಕೊಟ್ಟದ್ದು ನಮ್ಮ ಮಂಗಳೂರೇ ಎಂಬುದು ಹೆಮ್ಮೆಯ ವಿಷಯ. ಜೋಸೆಫ್ ಎಲ್. ಸಲ್ಡಾನ್ಹಾ ಅವರು ಹಸ್ತಪ್ರತಿಗಳನ್ನು ಸಂಗ್ರಹಿಸಿ, ಹೋಲಿಸಿ, ಕವಿಯ ಜೀವನಚರಿತ್ರೆಯನ್ನೂ ಸೇರಿಸಿ 1907ರಲ್ಲಿ ಕ್ರಿಸ್ತಪುರಾಣವನ್ನು ಪ್ರಕಟಿಸಿದರು. ಬೋಳಾರದ ಸಿಮೊನ್ ಆಲ್ವಾರಿಸ್ ಅವರು ಅದನ್ನು ಹೊರತಂದರು. 1956ರಲ್ಲಿ ಪುಣೆಯಿಂದ ದೇವನಾಗರಿ ಆವೃತ್ತಿ ಬಂತು. ಲಂಡನ್ನಿನಲ್ಲಿ ಸಿಕ್ಕಿದ ದೇವನಾಗರಿ ಹಸ್ತಪ್ರತಿಯ ನೆರವೂ ವಿದ್ವಾಂಸರಿಗೆ ದೊರೆಯಿತು. 2009ರಲ್ಲಿ ಸಲೇಸಿಯನ್ ಸಭೆಯ ಫಾ. ನೆಲ್ಸನ್ ಫಲ್ಕಾವ್ ಅವರ ಆವೃತ್ತಿ ಬೆಂಗಳೂರಿನಿಂದ ಪ್ರಕಟವಾಯಿತು. ಗೋವಾದ ಪರ್ವರಿಯಲ್ಲಿರುವ ಕೊಂಕಣಿ ಸಂಶೋಧನ ಕೇಂದ್ರಕ್ಕೆ ತೋಮಸ್ ಸ್ಟೀಫನ್ಸ್ ಅವರ ಹೆಸರನ್ನೇ ಇಡಲಾಗಿದೆ. ಕನ್ನಡದಲ್ಲಿಯೂ ಇಂಥ ಪ್ರಯತ್ನ ನಡೆಯದೆ ಇರಲಿಲ್ಲ. ನಿಘಂಟಿನಿಂದ ಹೆಸರಾದ ಬಾಸೆಲ್ ಮಿಶನಿನ ಫರ್ಡಿನಾಂಡ್ ಕಿಟೆಲ್ ಅವರು 1862ರಲ್ಲಿ ಕ್ರಿಸ್ತರ ಜೀವನವನ್ನು ಕನ್ನಡ ಪದ್ಯಗಳಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಬರೆದರು.

ನಮಗೆ ಇದರಿಂದ ಏನು?

ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಧರ್ಮೋಪದೇಶದ ಪುಸ್ತಕಗಳಿಗೆ ಕೊರತೆಯಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಒಳ್ಳೆಯ ಅಂಕವನ್ನೂ ತೆಗೆಯುತ್ತಾರೆ. ಆದರೂ ಎರಡು ತಪ್ಪುಗಳು ಮೆಲ್ಲನೆ ನಮ್ಮೊಳಗೆ ಸೇರಿಕೊಳ್ಳುತ್ತಿವೆ. ಕೆಲವರಿಗೆ ಯೇಸುಸ್ವಾಮಿ ಪೀಠದ ಮೇಲಿನ ಪವಾಡ ಪುರುಷರು ಮಾತ್ರ. ಬೇಡಿದ್ದು ಸಿಕ್ಕಿದರೆ ಸಾಕು, ಅವರು ನಮ್ಮಂತೆ ಬಡಗಿಯ ಕೆಲಸ ಮಾಡಿ ಬೆವರು ಸುರಿಸಿದರೆಂಬುದು ನೆನಪಿಗೆ ಬರುವುದಿಲ್ಲ. ಇನ್ನು ಕೆಲವರಿಗೆ ಅವರು ಒಳ್ಳೆಯ ಮಾತು ಹೇಳಿದ ಮಹಾಪುರುಷರು ಮಾತ್ರ. ಮೊದಲನೆಯವರ ಯೇಸು ನಮ್ಮ ನೋವನ್ನು ಅರಿಯಲಾರರು. ಎರಡನೆಯವರ ಯೇಸು ನಮ್ಮ ನೋವನ್ನು ಅರಿತರೂ ನಮ್ಮನ್ನು ರಕ್ಷಿಸಲಾರರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವವರಿಗೆ, ಮಗುವನ್ನು ಕಳೆದುಕೊಂಡ ತಾಯಿಗೆ ಎರಡೂ ಬೇಕು.

ಫಾ. ಸ್ಟೀಫನ್ಸ್ ತೋರಿಸಿದ ದಾರಿ ನಮಗೂ ತೆರೆದಿದೆ. ಹತ್ತು ಸಾವಿರ ಪದ್ಯ ಬರೆಯುವ ಶಕ್ತಿ ನಮಗಿಲ್ಲದಿರಬಹುದು. ಆದರೆ ರಾತ್ರಿಯ ಪ್ರಾರ್ಥನೆಯ ನಂತರ, ಅಥವಾ ವಾಳೆಯ ಕೂಟದಲ್ಲಿ, ಶುಭಸಂದೇಶದ ಒಂದು ಘಟನೆಯನ್ನು ಮನೆಮಾತಿನಲ್ಲಿ, ಅದು ಕೊಂಕಣಿಯಿರಲಿ, ತುಳುವಿರಲಿ, ಕನ್ನಡವಿರಲಿ, ಕಥೆಯಾಗಿ ಹೇಳಲು ನಮ್ಮಿಂದ ಸಾಧ್ಯ. ಹೇಳಿದ ಮೇಲೆ ಮಕ್ಕಳನ್ನು ಎರಡು ಪ್ರಶ್ನೆ ಕೇಳೋಣ. ಈ ಕಥೆಯಲ್ಲಿ ಯೇಸುಸ್ವಾಮಿ ನಮ್ಮಂತೆ ಇದ್ದದ್ದು ಎಲ್ಲಿ? ದೇವರಿಂದ ಮಾತ್ರ ಆಗುವ ಕೆಲಸ ಮಾಡಿದ್ದು ಎಲ್ಲಿ? ಉತ್ತರ ಹುಡುಕುವ ಮಗು ಕಾಲ್ಸೆದೋನಿನ ಹೆಸರು ಕೇಳದೆಯೂ ಅದರ ಪಾಠವನ್ನು ಕಲಿತಿರುತ್ತದೆ.

ಮುಂದಿನ ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವಾಗ, ಹುಲ್ಲಿನ ಮೇಲೆ ಬಾಲಯೇಸುವನ್ನು ಮಲಗಿಸುವ ಮಕ್ಕಳಿಗೆ ಈ ಗುರುವಿನ ಹೆಸರನ್ನೂ ಹೇಳೋಣ. ಸ್ವಂತ ನಾಡಿನಲ್ಲಿ ಬಹಿರಂಗವಾಗಿ ಬಲಿಪೂಜೆಗೆ ಹೋಗಲಾಗದ ಒಬ್ಬರು ಕಡಲು ದಾಟಿ ಬಂದು, ನಮ್ಮ ಕರಾವಳಿಯ ಮಾತನ್ನು ಕಲಿತು, ಈ ಮಗುವಿನ ಕಥೆಯನ್ನು ನಮ್ಮ ಹಿರಿಯರಿಗೆ ಹಾಡಿ ಹೇಳಿದರು. ನಮ್ಮ ಹಿರಿಯರು ಅದನ್ನು ಕೈಯಿಂದ ಬರೆದು ಕಾಪಾಡಿದರು. ಈಗ ಹೇಳುವ ಸರದಿ ನಮ್ಮದು.